ಹಳೆಯ ಕಾರು, ಹೊಸ ಪೆಟ್ರೋಲ್: ಇಂಧನ ಪಂಪಿನ ದೋಷ ಪತ್ತೆ ಮತ್ತು ದುರಸ್ತಿ

ಏರು ಹತ್ತುವಾಗ ಗಾಡಿ ಮುಗ್ಗರಿಸಿ ನಿಂತರೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸಿದರೆ ಎಲ್ಲರ ಕೈ ಮೊದಲು ಹೋಗುವುದು ಇಂಧನ ಪಂಪಿನ ಮೇಲೆ. ಬಿಚ್ಚಿ ಹೊಸದು ಕೂರಿಸುತ್ತಾರೆ, ಕಾಟ ಹಾಗೇ ಉಳಿಯುತ್ತದೆ. ಪಂಪಿನ ಖಾತೆಗೆ ಹೋಗುವ ದೂರುಗಳಲ್ಲಿ ಬಹುಪಾಲು ನಿಜಕ್ಕೂ ಪಂಪಿನದಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಹೀರುವ ದಾರಿಯದು. ಆದ್ದರಿಂದ ಇಲ್ಲಿನ ಕ್ರಮದಲ್ಲಿ ಅಳತೆ ಮೊದಲು, ಸ್ಪ್ಯಾನರ್ ಆಮೇಲೆ.

ಇದು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಕಾರುಗಳಿಗೆ ಮಾತ್ರ ಹೊಂದುವ ಬರಹ. ಅವುಗಳಲ್ಲಿ ಎರಡು ಬಗೆಯ ಪಂಪ್‌ಗಳು ಸಾಮಾನ್ಯ. ಒಂದು, ಕ್ಯಾಮ್‌ಶಾಫ್ಟ್ ತಳ್ಳುವ ಲಿವರಿನಿಂದ ನಡೆಯುವ ಯಾಂತ್ರಿಕ ಪಂಪ್. ಗ್ಯಾರೇಜಿನ ಮಾತಿನಲ್ಲಿ ಎಸಿ ಪಂಪ್ (ಎಸಿ, ಎಸ್‌ಯು ಎರಡೂ ತಯಾರಕರ ಹೆಸರು). ಇನ್ನೊಂದು, ಟಿಕ್ ಟಿಕ್ ಎನ್ನುವ ಎಸ್‌ಯು ವಿದ್ಯುತ್ ಪಂಪ್. ಎರಡರಲ್ಲೂ ಕೆಲಸ ಮಾಡುವುದು ಒಂದು ಡಯಾಫ್ರಾಮ್ (ಹಿಂದೆ ಮುಂದೆ ಆಡುವ ತೆಳು ಪೊರೆ), ಒಂದು ಸ್ಪ್ರಿಂಗ್ ಮತ್ತು ಎರಡು ವಾಲ್ವ್‌ಗಳು.

ಕೈ ಹಾಕುವ ಮುನ್ನ

ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ಅರ್ಥ್ ವೈರ್ ಕಳಚಿರಲಿ, ಪುಡಿ ತುಂಬಿದ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಸೆಲ್ಫ್ ಹೊಡೆದು ಪರೀಕ್ಷೆ ಮಾಡುವಾಗ ಬ್ಯಾಟರಿ ಬೇಕೇ ಬೇಕು. ಆಗ ಇಗ್ನಿಷನ್ ಕಾಯಿಲಿನ ಸಣ್ಣ ವೈರ್ ಕಳಚಿ, ಕಿಡಿ ಹಾರದಂತೆ ಮಾಡಿ. ಪೆಟ್ರೋಲ್ ಹಿಡಿಯುವುದಕ್ಕೆ ಲೋಹದ ಡಬ್ಬ ಬಳಸಿ. ಶೆಡ್ಡಿನೊಳಗೆ ಹೀಟರ್, ಉರಿಯುವ ಒಲೆ, ಬರಿ ಬಲ್ಬಿನ ಕೈದೀಪ ಯಾವುದೂ ಬೇಡ.

ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಗುರುತಿಗಿಂತ ಮೇಲೇರಿದ್ದು, ಪೆಟ್ರೋಲ್ ವಾಸನೆ ಬಂದರೆ ಯಾಂತ್ರಿಕ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯುತ್ತಿರಬಹುದು. ಅಂಥ ಎಂಜಿನ್ನನ್ನು ಸ್ಟಾರ್ಟ್ ಮಾಡಲೇಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಸಂಪಿನಲ್ಲಿ ತುಂಬಿದ ಆವಿಗೆ ಬೆಂಕಿಯೂ ಹತ್ತಬಹುದು. ಡಯಾಫ್ರಾಮ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ, ಆಮೇಲೆ ಮುಂದಿನ ಮಾತು.

ಹೊಸ ಪೆಟ್ರೋಲ್ ಎಲ್ಲಿ ಕೆಡಿಸುತ್ತದೆ

ಇಂದಿನ ಪೆಟ್ರೋಲ್ ಫ್ಯುಯಲ್ ಇಂಜೆಕ್ಷನ್ ಎಂಜಿನ್ನಿಗಾಗಿ ತಯಾರಾದದ್ದು. ಅಲ್ಲಿ ಪಂಪ್ ಟ್ಯಾಂಕಿನೊಳಗೇ ಮುಳುಗಿದ್ದು ಸುಮಾರು 3 ಬಾರ್ ಒತ್ತಡದಲ್ಲಿ ದೂಡುತ್ತದೆ. ಆ ಒತ್ತಡದಲ್ಲಿ ಪೆಟ್ರೋಲ್ ಪೈಪಿನಲ್ಲಿ ಕುದಿಯುವುದು ಅಪರೂಪ. ಹಳೆಯ ಕಾರಿನಲ್ಲಿ ಇದು ತಲೆಕೆಳಗು: ಎಂಜಿನ್ ಪಕ್ಕದಲ್ಲಿ ಕೂತ ಪಂಪ್ ಎರಡು ಮೂರು ಮೀಟರ್ ದೂರದಿಂದ ಪೆಟ್ರೋಲನ್ನು ಎಳೆಯಬೇಕು. ಎಳೆದಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಇಳಿಯುತ್ತದೆ, ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್ಸಿಗೇ ಆವಿಯಾಗತೊಡಗುತ್ತವೆ; ಬಾನೆಟ್ಟಿನ ಒಳಗೆ ಅದಕ್ಕಿಂತ ಬಿಸಿ ಯಾವಾಗಲೂ ಇರುತ್ತದೆ. ಇಂದಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ (ಒಂದು ಬಗೆಯ ಮದ್ಯಸಾರ) ಸೇರಿದಾಗ ಆವಿಯ ಒತ್ತಡ ಇನ್ನಷ್ಟು ಏರುತ್ತದೆ. ವಿಚಿತ್ರವೆಂದರೆ ಈ ಏರಿಕೆ ಗರಿಷ್ಠವಾಗುವುದು ಶೇ 5ರಿಂದ 10ರ ಮಿಶ್ರಣದಲ್ಲಿ. ಶೇ 20ಕ್ಕೆ ಹೋದರೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಎಥನಾಲ್ ಕಡಿಮೆ ಇದೆ ಎಂದ ಮಾತ್ರಕ್ಕೆ ವೇಪರ್ ಲಾಕ್ (ಪೈಪಿನಲ್ಲಿ ಆವಿ ತುಂಬಿ ಪೆಟ್ರೋಲಿನ ದಾರಿ ಕಟ್ಟುವುದು) ಆಗದು ಎಂದು ನಂಬಿ ಕೂರುವಂತಿಲ್ಲ.

ಎರಡನೆಯ ಹಾನಿ ರಬ್ಬರಿಗೆ. ಹಳೆಯ ಡಯಾಫ್ರಾಮ್‌ಗಳು ವಾರ್ನಿಷ್ ಬಳಿದ ಬಟ್ಟೆಯವು ಅಥವಾ ಹಳೆಯ ಕಾಲದ ರಬ್ಬರ್ ಮೆತ್ತಿದ ಬಟ್ಟೆಯವು. ಎಥನಾಲ್ ಅವನ್ನು ಉಬ್ಬಿಸುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ಒಣಗಿದಾಗ ಅವೇ ಗಡಸಾಗಿ ಬಿರಿಯುತ್ತವೆ. ಕಾರ್ಕ್ ವಾಷರಿಗೆ ಅಂಟಾಗಿ ಹಚ್ಚಿದ ಅರಗು ಎಥನಾಲಿನಲ್ಲಿ ಕರಗಿಯೇ ಹೋಗುತ್ತದೆ.

ಮೂರನೆಯದು ನೀರು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಶೇ 10ರ ಮಿಶ್ರಣ ಸಾಮಾನ್ಯ ತಾಪಮಾನದಲ್ಲಿ ಸುಮಾರು ಶೇ 0.5ರಷ್ಟು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲದು. ಅದನ್ನು ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಈ ಕೆಳಪದರ ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಸತು ಮಿಶ್ರಲೋಹದ ಪಂಪ್ ಬಾಡಿಯಲ್ಲಿ ಬಿಳಿ ಪುಡಿ ಎಬ್ಬಿಸುತ್ತದೆ, ಹಿತ್ತಾಳೆಯ ಭಾಗಗಳಲ್ಲಿ ಹಸಿರು ಹಿಡಿಸುತ್ತದೆ.

ನೀವು ಹಾಕಿಸುವ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. 100 ಮಿ.ಲೀ. ಅಳತೆಯ ಉದ್ದ ಗಾಜಿನ ಜಾಡಿಗೆ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ. ಮುಚ್ಚಿ ಕುಲುಕಿ, ಮುಚ್ಚಳ ಒಮ್ಮೆ ಸಡಿಲಿಸಿ ಆವಿ ಬಿಟ್ಟು, ಹತ್ತು ನಿಮಿಷ ಅಲುಗಿಸದೆ ಇಡಿ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರುತ್ತದೆ. ಕೆಳಪದರದ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ರ ಆಸುಪಾಸಿಗೆ ಏರಿದರೆ ಸುಮಾರು ಶೇ 10 ಇದೆ. ಅಂದಾಜಿನ ಲೆಕ್ಕ ಇದು, ನಮ್ಮ ಕೆಲಸಕ್ಕೆ ಸಾಕು.

ಮೊದಲ ಪ್ರಶ್ನೆ: ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇದೆಯೇ?

ಗಾಡಿ ನಿಂತ ಕ್ಷಣವೇ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಾದ ಫ್ಲೋಟ್ ಚೇಂಬರಿನ ಮುಚ್ಚಳ ತೆಗೆದು ನೋಡಿ. ಒಳಗೆ ಎಂದಿನ ಮಟ್ಟದಲ್ಲಿ ಪೆಟ್ರೋಲ್ ಇದ್ದರೆ ಪಂಪ್ ನಿರ್ದೋಷಿ. ಕಿಡಿ ಪರೀಕ್ಷಿಸಿ: ಬಿಸಿಯಾದಾಗ ಕೈಕೊಡುವ ಕಾಯಿಲ್ ಮತ್ತು ಕಂಡೆನ್ಸರ್ ವೇಪರ್ ಲಾಕ್‌ನಂತೆಯೇ ಆಟ ಆಡುತ್ತವೆ. ಎಷ್ಟೋ ಒಳ್ಳೆಯ ಪಂಪ್‌ಗಳು ಕೆಟ್ಟ ಕಂಡೆನ್ಸರಿನ ತಪ್ಪಿಗೆ ಕಸಕ್ಕೆ ಹೋಗಿವೆ.

ಚೇಂಬರ್ ಖಾಲಿ ಅಥವಾ ಅರ್ಧ ಇದ್ದರೆ ಮಾತ್ರ ಮುಂದೆ ಓದಿ.

ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ನುಗ್ಗುವ ಸುಯ್ ಸದ್ದು ಬಂತೇ? ಹಾಗಾದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಅಥವಾ ತೂತೇ ಇಲ್ಲದ ಮುಚ್ಚಳ ಯಾರೋ ಹಾಕಿದ್ದಾರೆ. ಮುಚ್ಚಳ ಸಡಿಲಿಸಿ ಓಡಿಸಿ ನೋಡಿ; ಕಾಟ ಹೋದರೆ ಕೆಲಸ ಅಲ್ಲಿಗೇ ಮುಗಿಯಿತು.

ಮೂರು ಅಳತೆ

ಪ್ರಮಾಣ: ಕಾರ್ಬ್ಯುರೇಟರ್ ಕಡೆಯ ಪೈಪ್ ಬಿಚ್ಚಿ ಒಂದು ಉದ್ದ ಹೋಸ್ ತೊಡಿಸಿ, ಅದರ ತುದಿಯನ್ನು ಎಂಜಿನ್ನಿನಿಂದ ದೂರವಿಟ್ಟ ಡಬ್ಬಕ್ಕೆ ಬಿಡಿ. ಸಹಾಯಕನಿಗೆ ಸೆಲ್ಫ್ ಹೊಡೆಯಲು ಹೇಳಿ. ಯಾಂತ್ರಿಕ ಪಂಪ್ ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತಿಗೆ ಒಮ್ಮೆ ಚಿಮ್ಮುತ್ತದೆ. ಪ್ರತಿ ಚಿಮ್ಮು ಬಲವಾಗಿ, ಒಡೆಯದೆ, ಗುಳ್ಳೆಯಿಲ್ಲದೆ ಬರಬೇಕು. ಐಡ್ಲಿಂಗ್ ವೇಗದಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ಕೊಡುವ ಪಂಪ್ ಆರೋಗ್ಯವಾಗಿದೆ ಎನ್ನಬಹುದು. ಎಸ್‌ಯು ಪಂಪ್ ಆದರೆ ಕೀಲಿ ತಿರುಗಿಸಿದರೆ ಸಾಕು. ಅದೂ ನಿಮಿಷಕ್ಕೆ ಅರ್ಧ ಲೀಟರಿಗೆ ಕಡಿಮೆ ಕೊಡಬಾರದು.

ಸಮತಟ್ಟು ರಸ್ತೆಯಲ್ಲಿ ಎಂಜಿನ್ ಕುಡಿಯುವುದು ಇದಕ್ಕಿಂತ ಬಹಳ ಕಡಿಮೆ. ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 133 ಮಿ.ಲೀ. ಬಳಸುತ್ತದೆ, ಅಷ್ಟೇ. ಸೊರಗಿದ ಪಂಪ್ ಊರೊಳಗೆ ಚೆನ್ನಾಗಿಯೇ ಓಡಿಸಿ, ಉದ್ದ ಏರಿನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಮಾತ್ರ ಬಣ್ಣ ಬಯಲು ಮಾಡುವುದು ಇದಕ್ಕೇ.

ಒತ್ತಡ: ಪಂಪ್ ಮತ್ತು ಕಾರ್ಬ್ಯುರೇಟರ್ ನಡುವೆ ಟಿ ಜಾಯಿಂಟ್ ಹಾಕಿ 0–10 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಗೇಜ್ ಕೂರಿಸಿ. ಬ್ರಿಟಿಷ್ ಸಣ್ಣ ಕಾರುಗಳ ಪಂಪ್‌ಗಳು ಸಾಮಾನ್ಯವಾಗಿ 1.5ರಿಂದ 3.5 ಪಿಎಸ್‌ಐ, ಅಮೆರಿಕದ ದೊಡ್ಡ ಎಂಜಿನ್‌ಗಳವು 4ರಿಂದ 6 ಪಿಎಸ್‌ಐ ತೋರಿಸುತ್ತವೆ. ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಈ ಒತ್ತಡ ನಿರ್ಧರಿಸುವುದು ಲಿವರ್ ಅಲ್ಲ, ಡಯಾಫ್ರಾಮ್ ಸ್ಪ್ರಿಂಗ್. ಲಿವರ್ ಡಯಾಫ್ರಾಮನ್ನು ಎಳೆದು ಬಿಡುತ್ತದೆ, ದೂಡುವುದು ಸ್ಪ್ರಿಂಗ್. ಎಂಜಿನ್ ಆಫ್ ಮಾಡಿದ ಮೇಲೆ ಗೇಜಿನ ಮುಳ್ಳು ಕೆಲವು ನಿಮಿಷವಾದರೂ ನಿಲ್ಲಬೇಕು. ತಟ್ಟನೆ ಸೊನ್ನೆಗೆ ಬಿದ್ದರೆ ಪಂಪಿನ ಹೊರವಾಲ್ವ್ ಸೋರುತ್ತಿದೆ ಅಥವಾ ಫ್ಲೋಟ್ ಚೇಂಬರ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿವಾಲ್ವ್ ಮುಚ್ಚುತ್ತಿಲ್ಲ.

ಎಳೆತ: ಮೂರರಲ್ಲಿ ಹೆಚ್ಚು ಹೇಳುವುದು ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಪಂಪಿನ ಒಳದಾರಿಯ ಪೈಪ್ ಬಿಚ್ಚಿ ವ್ಯಾಕ್ಯೂಮ್ ಗೇಜನ್ನು ನೇರವಾಗಿ ಪಂಪಿಗೇ ಕೂರಿಸಿ. ಯಾಂತ್ರಿಕ ಪಂಪ್ ಕನಿಷ್ಠ 6 ಅಂಗುಲ ಪಾದರಸದಷ್ಟು (ವ್ಯಾಕ್ಯೂಮ್ ಗೇಜಿನ ಅಳತೆ) ಎಳೆಯಬೇಕು. ನಿಲ್ಲಿಸಿದ ಮೇಲೂ ಮುಳ್ಳು ನಿಧಾನವಾಗಿಯೇ ಇಳಿಯಬೇಕು. ಇಲ್ಲಿ ಪಾಸಾದರೆ ಪಂಪಿನ ತಂಟೆಗೆ ಹೋಗಬೇಡಿ.

ಈಗ ಪೈಪನ್ನು ಪಂಪಿಗೆ ಮತ್ತೆ ಜೋಡಿಸಿ, ಟ್ಯಾಂಕಿನ ಬಳಿ ಬಿಚ್ಚಿ, ಗೇಜನ್ನು ಆ ತುದಿಗೆ ಒಯ್ಯಿರಿ. ಅಲ್ಲಿಯೂ ಅದೇ ಅಂಕಿ ಬರಬೇಕು. 6 ಇದ್ದದ್ದು 2ಕ್ಕೆ ಇಳಿದರೆ ನಡುವೆ ಎಲ್ಲೋ ಗಾಳಿ ನುಗ್ಗುತ್ತಿದೆ. ಒಂದೊಂದೇ ಜಾಯಿಂಟಿನ ಆಚೆಗೆ ಗೇಜ್ ಸರಿಸುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಹೀರುವ ಬದಿಯ ಕಳ್ಳರು

ದೂಡುವ ಬದಿಯಲ್ಲಿ ಸೋರಿದರೆ ಪೆಟ್ರೋಲ್ ತೊಟ್ಟಿಕ್ಕಿ ತಾನೇ ಹೇಳುತ್ತದೆ. ಹೀರುವ ಬದಿಯಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಎಲ್ಲವೂ ಒಣ, ಸ್ವಚ್ಛ. ಅದಕ್ಕೇ ಕಣ್ಣಿನ ಪರೀಕ್ಷೆ ನಂಬುವಂತಿಲ್ಲ.

ಮೊದಲ ಶಂಕಿತ ರಬ್ಬರ್ ಹೋಸ್. ಹಳೆಯ ಹೋಸನ್ನು ಕಳಚಿ, ಉದ್ದಕ್ಕೆ ಸೀಳಿ ಒಳಮೈ ನೋಡಿ. ಹೊರಗೆ ಕಪ್ಪಗೆ ಹೊಳೆಯುವ ಹೋಸಿನ ಒಳಪದರ ಮೆತ್ತಗಾಗಿ ಉಗುರಿಗೆ ಕಿತ್ತು ಬರುತ್ತದೆ. ಕೆಲವೊಮ್ಮೆ ಅದು ಹಾಳೆಯಂತೆ ಎದ್ದು ನಿಂತು ಎಳೆತ ಹೆಚ್ಚಿದಾಗ ಮುಚ್ಚಿಕೊಳ್ಳುತ್ತದೆ, ಎಂಜಿನ್ ನಿಂತಾಗ ತೆರೆದುಕೊಳ್ಳುತ್ತದೆ. ಹೊಸದು ಕೊಳ್ಳುವಾಗ ಮೈಮೇಲಿನ ಅಚ್ಚು ಓದಿ: ಎಸ್‌ಎಇ ಜೆ30 ಆರ್9 ಎಂದಿರುವ ಹೋಸಿನ ಒಳಪದರ ಫ್ಲೋರೋ ರಬ್ಬರಿನದು, ಎಥನಾಲ್ ತಡೆಯುತ್ತದೆ. ಆರ್6 ಹಳೆಯ ಪೆಟ್ರೋಲಿನ ಕಾಲದ್ದು, ಈಗ ಬೇಡ. ಅಚ್ಚೇ ಇಲ್ಲದ ಹೋಸನ್ನು ಯಾವ ಬೆಲೆಗೂ ತರಬೇಡಿ.

ಗಾಜಿನ ಬಟ್ಟಲಿರುವ ಪಂಪಿನಲ್ಲಿ ಬಟ್ಟಲಿನ ಕಾರ್ಕ್ ವಾಷರ್ ಕುಗ್ಗಿದರೂ ಇದೇ ಕಥೆ. ಎಂಜಿನ್ ಓಡುವಾಗ ಬಟ್ಟಲಿಗೆ ಟಾರ್ಚ್ ಬಿಟ್ಟು ನೋಡಿ. ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲು ಒಂದೇ ಜಾಗದಿಂದ ಏಳುತ್ತಿದ್ದರೆ ವಾಷರ್ ಹೋಗಿದೆ. ಫ್ಲೋರೋ ರಬ್ಬರಿನ ವಾಷರ್ ಹಾಕಿ, ಬಟ್ಟಲಿನ ತಿರುಪನ್ನು ಬೆರಳ ಬಲದಲ್ಲಷ್ಟೇ ಬಿಗಿಯಿರಿ. ಇಕ್ಕಳ ಹಾಕಿದರೆ ಗಾಜು ಒಡೆಯುತ್ತದೆ.

ಇನ್ನು ಕಟ್ಟಿಕೊಳ್ಳುವ ದೋಷ. ಇದನ್ನು ಹಿಡಿಯಲು ಪಂಪಿನ ಒಳದಾರಿಯಲ್ಲಿ ಟಿ ಹಾಕಿ, ಟ್ಯಾಂಕಿನ ಪೈಪ್ ಜೋಡಿಸಿದ ಹಾಗೆಯೇ ವ್ಯಾಕ್ಯೂಮ್ ಗೇಜ್ ಇಟ್ಟು ಎಂಜಿನ್ ಓಡಿಸಿ. ದಾರಿ ಸಲೀಸಾಗಿದ್ದರೆ ಮುಳ್ಳು ಹೆಚ್ಚು ಏಳುವುದಿಲ್ಲ. ಏಳುತ್ತಾ ಹೋದರೆ ಟ್ಯಾಂಕಿನ ಕಡೆ ಏನೋ ಅಡ್ಡ ಬಂದಿದೆ. ಎಥನಾಲ್ ಒಳ್ಳೆಯ ದ್ರಾವಕ. ದಶಕಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಗುಟನ್ನು ಎಬ್ಬಿಸಿ ಫಿಲ್ಟರಿಗೆ ತಂದು ಸುರಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಟ್ಯಾಂಕಿನೊಳಗೆ ಹಿಂದೆಂದೋ ಬಳಿದ ಎಪಾಕ್ಸಿ ಲೇಪ: ಹಳೆಯ ಬಗೆಯದಾದರೆ ಎಥನಾಲಿಗೆ ಹಪ್ಪಳದಂತೆ ಸುಲಿದು ಹೀರುಕೊಳವೆಯ ಬಾಯಿಗೆ ಬಂದು ಕೂರುತ್ತದೆ. ಗಾಡಿ ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ. ಎಳೆತ ನಿಂತೊಡನೆ ಚೂರು ತೇಲಿಹೋಗುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಸ್ಟಾರ್ಟ್. ವೇಪರ್ ಲಾಕ್ ಇಷ್ಟು ಬೇಗ ಬಿಡುವುದಿಲ್ಲ, ಬಿಸಿ ಆರಬೇಕು. ತಣ್ಣನೆಯ ಮುಂಜಾನೆಯಲ್ಲೂ ಇದೇ ಆಟವಾದರೆ ಅನುಮಾನವೇ ಬೇಡ: ಟ್ಯಾಂಕ್ ಇಳಿಸಿ, ಲೇಪ ಪೂರ್ತಿ ಕಿತ್ತು ತೊಳೆಯಬೇಕು. ಅಡ್ಡದಾರಿ ಇಲ್ಲ.

ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿ

ಒದ್ದೆ ಬಟ್ಟೆಯೊಂದೇ ಇಲ್ಲಿನ ಉಪಕರಣ. ಗಾಡಿ ನಿಂತಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಂಪ್ ಮತ್ತು ಅದಕ್ಕೆ ಬರುವ ಪೈಪಿನ ಮೇಲೆ ಸುತ್ತಿ ಮೂರು ನಿಮಿಷ ಬಿಡಿ (ಬಿಸಿ ಗಾಜಿನ ಬಟ್ಟಲಿಗೆ ತಾಗಿಸಬೇಡಿ). ಗಾಡಿ ಹೊರಟರೆ ಪಂಪಿಗೆ ಬರುವ ಮೊದಲೇ ಪೆಟ್ರೋಲ್ ಆವಿಯಾಗುತ್ತಿತ್ತು ಎಂದರ್ಥ. ಹೊರಡದಿದ್ದರೆ ಕಾರಣ ಬೇರೆ.

ಪರಿಹಾರದ ಕ್ರಮ ಹೀಗೆ: ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಹಾಯ್ದಿದ್ದರೆ ದೂರ ಸರಿಸಿ; ಸರಿಸಲಾಗದಲ್ಲಿ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿ. ಪಂಪ್ ಮತ್ತು ಎಂಜಿನ್ ಬ್ಲಾಕ್ ನಡುವೆ ಕಾರ್ಖಾನೆಯಿಂದ ಬಂದ ಬೇಕಲೈಟ್ ದಿಮ್ಮಿ ಇದೆಯೇ ನೋಡಿ. ಶಾಖ ತಡೆಯುವುದು ಅದರ ಕೆಲಸ. ಕಳೆದುಹೋದಲ್ಲಿ ಬರೀ ಪ್ಯಾಕಿಂಗ್ ಹಾಕಿ ಕೂರಿಸಿದ ಗಾಡಿಗಳು ಬೇಕಷ್ಟಿವೆ. ರೇಡಿಯೇಟರ್, ಇಗ್ನಿಷನ್ ಟೈಮಿಂಗ್ ಸರಿಯಿಲ್ಲದೆ ಎಂಜಿನ್ನೇ ವಿಪರೀತ ಬಿಸಿಯಾಗುತ್ತಿದ್ದರೆ ಪಂಪಿಗೆ ಏನು ಮಾಡಿಯೂ ಫಲವಿಲ್ಲ.

ಓಡುವಾಗ ಸರಿಯಿದ್ದು, ನಿಲ್ಲಿಸಿ ಹತ್ತಿಪ್ಪತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗದೆ, ಕಾರ್ಬ್ಯುರೇಟರ್ ಸುತ್ತ ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಫ್ಲೋಟ್ ಚೇಂಬರಿನ ಪೆಟ್ರೋಲೇ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿದೆ. ಅಲ್ಲಿ ಪಂಪಿನ ಪಾತ್ರವಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡಬೇಡಿ.

ಎಸಿ ಪಂಪ್ ಬಿಚ್ಚಲೇಬೇಕಾದಾಗ

ಎಳೆತದ ಪರೀಕ್ಷೆಯಲ್ಲಿ ಪಂಪೇ ಸೋತರೆ, ಬಾಡಿಯ ಕೆಳಗಿನ ಸಣ್ಣ ತೂತಿನಿಂದ ಪೆಟ್ರೋಲ್ ಜಿನುಗಿದರೆ, ಅಥವಾ ಸಂಪಿಗೆ ಪೆಟ್ರೋಲ್ ಇಳಿದಿದ್ದರೆ ಬಿಚ್ಚಿ. ಮೇಲಿನ ಮತ್ತು ಕೆಳಗಿನ ಅರ್ಧಗಳ ಅಂಚಿಗೆ ಅಡ್ಡಲಾಗಿ ಅರದಿಂದ ಒಂದು ಗೀರು ಎಳೆದುಕೊಳ್ಳಿ. ಜೋಡಿಸುವಾಗ ಪೈಪಿನ ಮುಖ ತಪ್ಪುವುದಿಲ್ಲ.

ಡಯಾಫ್ರಾಮ್ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ವಸ್ತು ಎಂದು ತಯಾರಕರು ಸ್ಪಷ್ಟವಾಗಿ ಬರೆದಿರಬೇಕು. ಗೋದಾಮಿನಲ್ಲಿ ಹಳೆಯ ಕಾಲದಿಂದ ಉಳಿದ 'ಅಸಲಿ' ಕಿಟ್ ಸಿಕ್ಕರೆ ಹಿಗ್ಗಬೇಡಿ, ಅದರ ರಬ್ಬರಿಗೂ ಕಾರಿನಷ್ಟೇ ವಯಸ್ಸು.

ವಾಲ್ವ್ ಪರೀಕ್ಷೆ ಬೆರಳಲ್ಲೇ ಆಗುತ್ತದೆ. ಒಳದಾರಿಗೆ ಬೆರಳು ಒತ್ತಿ ಲಿವರ್ ಒಮ್ಮೆ ಎಳೆದು ಬಿಡಿ: ಬೆರಳು ಅಂಟಿಕೊಂಡ ಹಾಗೆ ಕೆಲವು ಸೆಕೆಂಡ್ ಎಳೆತ ಉಳಿಯಬೇಕು. ಹೊರದಾರಿಗೆ ಬೆರಳಿಟ್ಟು ಲಿವರ್ ಎಳೆದು ಬಿಟ್ಟರೆ ಒತ್ತಡ ಅದೇ ರೀತಿ ನಿಲ್ಲಬೇಕು. ಹಳಸಿದ ಪೆಟ್ರೋಲಿನ ಅಂಟು ಕೂತ ವಾಲ್ವ್‌ಗಳು ಕಾರ್ಬ್ಯುರೇಟರ್ ಕ್ಲೀನರಿಗೆ ಕೆಲವೊಮ್ಮೆ ಬಿಡುತ್ತವೆ, ಸವೆದ ಫೈಬರ್ ವಾಲ್ವ್ ಬಿಡುವುದಿಲ್ಲ.

ಜೋಡಣೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸುತ್ತಲಿನ ಸ್ಕ್ರೂಗಳನ್ನು ಸಡಿಲವಾಗಿ ಹಾಕಿ, ಲಿವರನ್ನು ಪೂರ್ತಿ ಒತ್ತಿ ಹಿಡಿದು ಡಯಾಫ್ರಾಮ್ ತಳಕ್ಕೆ ಎಳೆದಿರುವಾಗಲೇ ಎದುರುಬದುರಾಗಿ ಬಿಗಿಯಬೇಕು. ಲಿವರ್ ಬಿಟ್ಟುಕೊಂಡು ಬಿಗಿದರೆ ಬಟ್ಟೆ ತಂಬೂರಿಯ ತಂತಿಯಂತೆ ಸೆಟೆದು, ಲಿವರಿನ ಓಟ ಮೊಟಕಾಗಿ, ಅಂಚಿನಲ್ಲಿ ಬೇಗ ಹರಿಯುತ್ತದೆ.

ಲಿವರಿನ ಪಿನ್ ಸವೆದಿದ್ದರೆ ಹೊಸ ಡಯಾಫ್ರಾಮ್ ಹಾಕಿಯೂ ಪ್ರಯೋಜನ ಕಡಿಮೆ. ಬ್ಲಾಕಿಗೆ ಕೂರಿಸುವಾಗ ದಪ್ಪನೆಯ ಪ್ಯಾಕಿಂಗ್ ಎರಡೆರಡು ಹಾಕಿದರೂ ಓಟ ಅಷ್ಟೇ ಕಳೆದುಹೋಗುತ್ತದೆ. ಎಂಜಿನ್ ಸ್ವಲ್ಪ ತಿರುಗಿಸಿ, ಕ್ಯಾಮಿನ ಉಬ್ಬು ಆಚೆ ಹೋದ ಮೇಲೆ ಲಿವರ್ ಒಳಗೆ ತೂರಿಸಿ. ಬೋಲ್ಟ್ ಬಿಗಿಯುವಾಗ ಪಂಪ್ ಭಾರೀ ಪ್ರತಿರೋಧ ತೋರಿದರೆ ಲಿವರ್ ಕ್ಯಾಮಿನ ತಪ್ಪು ಬದಿಗೆ ಹೋಗಿದೆ. ತೆಗೆದು ಮತ್ತೆ ಹಾಕಿ.

ವೈಪರಿಗೂ ಎಳೆತ ಕೊಡುವ ಜೋಡಿ ಪಂಪ್ ನಿಮ್ಮದಾದರೆ ವ್ಯಾಕ್ಯೂಮ್ ಕಡೆಯ ಡಯಾಫ್ರಾಮನ್ನೂ ಬದಲಿಸಿ. ಅದು ಹರಿದರೆ ಎಂಜಿನ್ ಆಯಿಲ್ ಮ್ಯಾನಿಫೋಲ್ಡಿಗೆ ಸೇರಿ ನೀಲಿ ಹೊಗೆ ಬರುತ್ತದೆ, ಜನ ಪಿಸ್ಟನ್ ರಿಂಗ್ ಹೋಯಿತೆಂದು ಎಂಜಿನ್ ಇಳಿಸುತ್ತಾರೆ.

ಎಸ್‌ಯು ಪಂಪ್: ಸದ್ದು ಕೇಳಿ ರೋಗ ಹೇಳುವುದು

ಕೀಲಿ ತಿರುಗಿಸಿದಾಗ ಬೇಗಬೇಗ ಟಿಕ್ ಎಂದು, ನಿಧಾನವಾಗಿ, ಫ್ಲೋಟ್ ಚೇಂಬರ್ ತುಂಬಿದಾಗ ನಿಂತರೆ ಪಂಪ್ ಸರಿಯಿದೆ. ಎಂಜಿನ್ ಓಡಿಸದೆ ಬಿಟ್ಟಾಗ 15 ಸೆಕೆಂಡಿಗೂ ಮೊದಲೇ ಮತ್ತೆ ಟಿಕ್ ಎಂದರೆ ಪಂಪಿನ ವಾಲ್ವ್ ಅಥವಾ ಫ್ಲೋಟಿನ ಸೂಜಿ ಸೋರುತ್ತಿದೆ. ಓಟ ನಿಲ್ಲಿಸದೆ ಟಕಟಕನೆ ಬಡಿದುಕೊಂಡೇ ಇದ್ದು ಪೆಟ್ರೋಲ್ ಬಾರದಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಹೀರುವ ದಾರಿಯಲ್ಲಿ ಗಾಳಿ.

ಸದ್ದೇ ಇಲ್ಲವೇ? ಮುಂಬದಿಯ ಪೈಪ್ ಬಿಚ್ಚಿ ನೋಡಿ. ಆಗ ಟಿಕ್ ಶುರುವಾದರೆ ಕಾರ್ಬ್ಯುರೇಟರ್ ಕಡೆ ಕಟ್ಟಿದೆ. ಆಗಲೂ ಮೌನವಿದ್ದರೆ ಟರ್ಮಿನಲ್ಲಿನಲ್ಲಿ ವೋಲ್ಟೇಜ್ ಅಳೆದು, ಅರ್ಥ್ ವೈರ್ ತಿಕ್ಕಿ ಸ್ವಚ್ಛ ಮಾಡಿ. ಕರೆಂಟ್ ಇದ್ದೂ ಸದ್ದಿಲ್ಲದೆ ಪಂಪಿನ ಮೈ ಬಿಸಿಯಾಗುತ್ತಿದ್ದರೆ ಕೀಲಿ ಕೂಡಲೇ ಆಫ್ ಮಾಡಿ: ಈ ಪಂಪಿನಲ್ಲಿ ಎಳೆಯುವುದು ಕಾಯಿಲ್, ದೂಡುವುದು ಸ್ಪ್ರಿಂಗ್. ಹೀರುವ ದಾರಿ ಕಟ್ಟಿದಾಗ ಎಳೆತ ಪೂರ್ತಿಯಾಗದೆ ಪಾಯಿಂಟ್ (ಕಾಯಿಲಿಗೆ ಕರೆಂಟ್ ಕೊಟ್ಟು ಕಡಿಯುವ ಸಂಪರ್ಕ) ಮುಚ್ಚಿದಂತೆಯೇ ನಿಂತು ಕಾಯಿಲ್ ಸುಡುತ್ತದೆ.

ಬಹುತೇಕ ಮೌನಗಳಿಗೆ ಮದ್ದು ಪಾಯಿಂಟ್ ಸ್ವಚ್ಛತೆ. ಕಪ್ಪು ಮುಚ್ಚಳ ತೆಗೆದು ಗಟ್ಟಿ ಕಾಗದದ ಪಟ್ಟಿಯನ್ನು ಪಾಯಿಂಟ್‌ಗಳ ನಡುವೆ ಎಳೆಯಿರಿ. ಕುಳಿ ಬಿದ್ದ ಪಾಯಿಂಟನ್ನು ಉಜ್ಜಿ ಸಮ ಮಾಡುವುದಕ್ಕಿಂತ ಹೊಸ ಸೆಟ್ ಹಾಕುವುದು ಲೇಸು. ಪಾಯಿಂಟಿನ ಬದಲು ಟ್ರಾನ್ಸಿಸ್ಟರ್ ಕಿಟ್ ಹಾಕಿದರೆ ಇನ್ನೂ ನೆಮ್ಮದಿ, ಆದರೆ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಿಸಿದ್ದು) ಇರುವ ಕಾರಿಗೆ ಅದಕ್ಕೆಂದೇ ಮಾಡಿದ ಕಿಟ್ ಬೇಕು.

ಡಯಾಫ್ರಾಮ್ ಬದಲಿಸಿದರೆ ಹೊಂದಿಕೆ ಹೀಗೆ: ಮೇಲಿನ ಪಾಯಿಂಟ್ ಬ್ಲೇಡ್ ಸರಿಸಿಟ್ಟು, ಡಯಾಫ್ರಾಮನ್ನು ತಿರುಗಿಸುತ್ತಾ ಒಳಗೆ ಕಳಿಸಿ, ಒತ್ತಿದಾಗ ಪಾಯಿಂಟ್ ಆಡಿಸುವ ರಾಕರ್ ಚಟ್ಟನೆ ಹಾರದ ಹಂತ ಬರುತ್ತದೆ. ಈಗ ಅಂಚಿನ ಸ್ಕ್ರೂ ತೂತುಗಳ ಲೆಕ್ಕದಲ್ಲಿ ಒಂದೊಂದೇ ತೂತು ಹಿಂದೆ ತಿರುಗಿಸುತ್ತಾ ಸಾವಕಾಶವಾಗಿ ಒತ್ತಿ ನೋಡಿ. ರಾಕರ್ ಮೊದಲ ಸಲ ಹಾರಿದ ಜಾಗದಿಂದ ಮತ್ತೆ ನಾಲ್ಕು ತೂತು, ಅಂದರೆ ಮೂರನೇ ಎರಡು ಸುತ್ತು, ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. ಹಳೆಯ ಮಾದರಿಗಳಲ್ಲಿ ಡಯಾಫ್ರಾಮ್ ಅಂಚಿನ ಸುತ್ತ 11 ಹಿತ್ತಾಳೆ ಉರುಳೆಗಳಿರುತ್ತವೆ. ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ, ಎಣಿಸಿಟ್ಟುಕೊಳ್ಳಿ.

ಬೇರೆ ವಿದ್ಯುತ್ ಪಂಪ್ ಹಾಕುವವರಿಗೆ

ಹೀರುವ ದಾರಿಯ ಸೋರಿಕೆ ಸರಿಪಡಿಸದೆ ವಿದ್ಯುತ್ ಪಂಪ್ ಹಾಕುವುದು ರೋಗ ಮುಚ್ಚಿಡುವ ಕೆಲಸ. ನಿಜಕ್ಕೂ ವೇಪರ್ ಲಾಕ್ ಇದ್ದರೆ ಇದು ಒಳ್ಳೆಯ ಮದ್ದೇ, ಆದರೆ ಟ್ಯಾಂಕಿನ ಹತ್ತಿರ, ಅದರ ತಳಕ್ಕಿಂತ ಕೆಳಗೆ ಕೂರಿಸಿದಾಗ ಮಾತ್ರ. ಪಂಪಿನ ಮುಂಚೆ ಒಂದು ಜಾಲರಿ ಫಿಲ್ಟರ್ ಇರಲಿ. ಎಸ್‌ಯು ಕಾರ್ಬ್ಯುರೇಟರಿಗೆ ಸುಮಾರು 3 ಪಿಎಸ್‌ಐ ಮೀರಿದರೆ ಸೂಜಿವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕುತ್ತದೆ, ಆದ್ದರಿಂದ ಕಡಿಮೆ ಒತ್ತಡದ ಪಂಪ್ ಆರಿಸಿ ಅಥವಾ ರೆಗ್ಯುಲೇಟರ್ ಹಾಕಿ. ಅಪಘಾತದಲ್ಲಿ ಎಂಜಿನ್ ನಿಂತರೂ ಈ ಪಂಪ್ ದೂಡುತ್ತಲೇ ಇರುತ್ತದೆ. ಇನರ್ಷಿಯಾ ಸ್ವಿಚ್ (ಡಿಕ್ಕಿಯಾದರೆ ತಾನೇ ಕರೆಂಟ್ ಕಡಿಯುವುದು) ಅಥವಾ ಆಯಿಲ್ ಒತ್ತಡದ ಸ್ವಿಚ್ ಮೂಲಕ ರಿಲೇ ಕೊಡದೆ ವೈರ್ ಎಳೆಯಬೇಡಿ. ಹಳೆಯ ಯಾಂತ್ರಿಕ ಪಂಪನ್ನು ದಾರಿಯಲ್ಲೇ ಉಳಿಸಿಕೊಳ್ಳುವುದೂ ತಪ್ಪು. ಅದರ ಡಯಾಫ್ರಾಮ್ ಹರಿದ ದಿನ ಹಿಂದಿನ ಪಂಪ್ ಇಡೀ ಟ್ಯಾಂಕನ್ನು ಸಂಪಿಗೆ ಸುರಿಯುತ್ತದೆ. ಅದನ್ನು ತೆಗೆದು ತೂತಿಗೆ ತಗಡಿನ ಮುಚ್ಚಳ ಬಿಗಿಯಿರಿ.

ನಿಲ್ಲಿಸಿಡುವಾಗ

ಎರಡು ಮೂರು ತಿಂಗಳು ಓಡಿಸದಿದ್ದರೆ ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕಲ್ಲಿ ಅದನ್ನೇ, ಇಲ್ಲದಿದ್ದರೆ ಸ್ಟೆಬಿಲೈಸರ್ ಬೆರೆಸಿ ಟ್ಯಾಂಕ್ ತುಂಬಿಸಿಡಿ; ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಸೇರುವುದು ಕಡಿಮೆ. ತಿಂಗಳಿಗೊಮ್ಮೆ ಪಂಪಿನ ಕೈಲಿವರ್ ಹತ್ತಾರು ಸಲ ಆಡಿಸಿದರೆ ಡಯಾಫ್ರಾಮ್ ಒಣಗುವುದಿಲ್ಲ. ಮತ್ತೆ ಹೊರಡಿಸುವ ಮುನ್ನ ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಪಾರದರ್ಶಕ ಜಾಡಿಗೆ ಇಳಿಸಿ ಬೆಳಕಿಗೆ ಹಿಡಿಯಿರಿ. ಎರಡು ಪದರ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ಮೇಲೆ ಹೊಸ ಪೆಟ್ರೋಲ್ ಸುರಿದು ಬೆರೆಸುತ್ತೇನೆಂದರೆ ಕೆಳಪದರ ಸುಲಭವಾಗಿ ಬೆರೆಯುವುದಿಲ್ಲ. ರಬ್ಬರ್ ಹೋಸ್‌ಗಳನ್ನು ಐದು ವರ್ಷಕ್ಕೊಮ್ಮೆ ನೋಡಲು ಚೆನ್ನಾಗಿದ್ದರೂ ಬದಲಿಸಿ, ಹಾಕಿದ ತಿಂಗಳು ಮತ್ತು ವರ್ಷವನ್ನು ಕ್ಲಿಪ್ಪಿನ ಪಕ್ಕದಲ್ಲೇ ಬಿಳಿ ಬಣ್ಣದಲ್ಲಿ ಬರೆದಿಡಿ.